ಹಳದಿ ಮೆಟ್ರೋ ಹೊಸೂರಿಗೆ ಹೋಗುತ್ತಿಲ್ಲ

ಬೆಂಗಳೂರಿನ ನಮ್ಮ ಮೆಟ್ರೋದ ಹಳದಿ ಮಾರ್ಗ ತಮಿಳುನಾಡಿನ ಹೊಸೂರಿನವರೆಗೆ ಹೋಗೋದು ಪಕ್ಕಾ, ಕೆಲಸವೂ ಶುರುವಾಗಿದೆ ಅನ್ನೋ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅದು ತಪ್ಪು. 2025ರ ಆಗಸ್ಟ್‌ನಲ್ಲಿ ಓಡಾಟ ಶುರುವಾದ, 16 ನಿಲ್ದಾಣಗಳ ಈ ಮಾರ್ಗ ಆರ್.ವಿ. ರಸ್ತೆಯಿಂದ ಹೊರಟು ಬೊಮ್ಮಸಂದ್ರದಲ್ಲೇ ಮುಗಿಯುತ್ತದೆ. ಹೊಸೂರಿನದ್ದು ಬರೀ ಪ್ರಸ್ತಾವನೆ. ಆ ಪ್ರಸ್ತಾವನೆಗೆ ಇರುವ ದೊಡ್ಡ ತೊಡಕು ಕರೆಂಟಿನದ್ದು: ನಮ್ಮ ಮೆಟ್ರೋ ಓಡೋದು ಪಕ್ಕದ ಮೂರನೇ ಹಳಿಯಲ್ಲಿ ಹರಿಯುವ 750 ವೋಲ್ಟ್ ಡಿಸಿಯಲ್ಲಿ, ತಮಿಳುನಾಡಿನ ಕಡೆಯವರು ಯೋಚಿಸಿದ್ದು ಚೆನ್ನೈನಲ್ಲಿ ಇರುವ ಹಾಗೆ ಮೇಲಿನ ತಂತಿಯ 25,000 ವೋಲ್ಟ್ ಎಸಿ. ಸುಮ್ನೆ ಹಳಿ ಜೋಡಿಸಿದರೆ ರೈಲು ಓಡಲ್ಲ. ದಯವಿಟ್ಟು ಈ ಸಂದೇಶ ನಂಬಿ ಹೊಸೂರು ದಾರಿಯ ಅತ್ತಿಬೆಲೆಯಲ್ಲಿ ಸೈಟಿಗೆ ಅಡ್ವಾನ್ಸ್ ಕೊಡಬೇಡಿ. ಚಂದಾಪುರ, ಅತ್ತಿಬೆಲೆ ಕಡೆಯವರಿಗೆ ಈಗ ಬೇಕಿರೋದು ಬೊಮ್ಮಸಂದ್ರ ನಿಲ್ದಾಣದ ಬಾಗಿಲಿಗೇ ಬರುವ, ಕೊನೆಯ ರೈಲು ಇಳಿದವರಿಗೂ ಸಿಗುವ ಫೀಡರ್ ಬಸ್ಸು. ಅದನ್ನು ಜೋರಾಗಿ ಕೇಳೋಣ.