ಮೂರನೇ ಚುಕ್ಕೆ

ನನ್ನ ಹತ್ತಿರ ಟಿಪ್ಪು ಕಾಲದ ಒಂದು ತಾಮ್ರದ ಪೈಸೆ ಇದೆ. ಅದರ ಕವರಿನ ಮೇಲೆ ಎರಡು ವರ್ಷಗಳ ಕಾಲ 1227 ಅಂತ ಬರೆದಿತ್ತು. ಹೋದ ತಿಂಗಳು ಅದನ್ನು ಅಡ್ಡಗೀಟು ಎಳೆದು ಹೊಡೆದು ಹಾಕಿದೆ. ಆ ಕಥೆ ಹೇಳೋಣ ಅಂತ ಕೂತಿದ್ದೇನೆ. (ಟಿಪ್ಪು ಹೆಸರು ಕಂಡ ಕೂಡಲೇ ತೋಳೇರಿಸಿಕೊಂಡು ಕಾಮೆಂಟಿಗೆ ಬರುವ ಎರಡೂ ಕಡೆಯ ಮಿತ್ರರು ಇವತ್ತೊಂದು ದಿನ ರಜೆ ತಗೊಳ್ಳಿ. ಇಲ್ಲಿರುವುದು ಬರೀ ಇಸವಿಯ ಜಗಳ.)

ಈ ನಾಣ್ಯಗಳ ಇಸವಿ ಓದುವುದು ಒಂದು ಹುಚ್ಚು. 1782ರ ಕೊನೆಗೆ ಟಿಪ್ಪು ಪಟ್ಟಕ್ಕೆ ಬಂದಾಗ ನಾಣ್ಯದ ಮೇಲೆ ಹಿಜರಿ ವರ್ಷ, 1197ರಿಂದ ಶುರು. 1787ರ ಹೊತ್ತಿಗೆ ಪದ್ಧತಿಯೇ ಬದಲಾಯಿತು. ಪ್ರವಾದಿಯವರ ಹುಟ್ಟಿನಿಂದ ಎಣಿಸುವ ಮೌಲೂದಿ ಶಕೆ ಬಂತು. ಹಿಜರಿ ಲೆಕ್ಕದಲ್ಲಿ 1201 ನಡೆಯುತ್ತಿದ್ದಾಗ ನಾಣ್ಯದ ಮೇಲೆ ಏಕಾಏಕಿ 1215! ಇನ್ನೂ ಸೋಜಿಗವೆಂದರೆ ಈ ಹೊಸ ಲೆಕ್ಕಕ್ಕೆ ಆಧಾರ ನಮ್ಮ ಪಂಚಾಂಗವೇ. ಅದೇ ಚಾಂದ್ರಮಾನ ತಿಂಗಳು, ಅದೇ ಅರವತ್ತು ಸಂವತ್ಸರಗಳ ಚಕ್ರ, ಹೆಸರು ಮಾತ್ರ ಸುಲ್ತಾನರು ಇಟ್ಟಿದ್ದು. ಮೌಲೂದಿ 1215 ಅಂದರೆ ನಮ್ಮಜ್ಜಿಯ ಲೆಕ್ಕದಲ್ಲಿ ಪ್ಲವಂಗ ಸಂವತ್ಸರ.

ಇಷ್ಟಾಗಿದ್ದರೆ ಸಂಕಲನ ವ್ಯವಕಲನ ಮಾಡಿ ಮುಗಿಸಬಹುದಿತ್ತು. ಆದರೆ ಮೌಲೂದಿ ನಾಣ್ಯಗಳಲ್ಲಿ ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆದರು. ಪಾರ್ಸಿ ಲಿಪಿಯಲ್ಲಿ ಅಕ್ಷರ ಬಲದಿಂದ ಎಡಕ್ಕೆ ಹೋದರೂ ಅಂಕಿ ಎಡದಿಂದ ಬಲಕ್ಕೇ ಇರುತ್ತದೆ. ಹಿಜರಿ ನಾಣ್ಯಗಳಲ್ಲೂ ಹಾಗೇ ಇದೆ. ಇಲ್ಲಿ ಅದೂ ಉಲ್ಟಾ. 1224 ಅನ್ನುವುದು ನಾಣ್ಯದ ಮೇಲೆ 4221 ಆಗಿ ಕಾಣುತ್ತದೆ. ಮೊದಲ ಸಲ ಕೈಗೆ ಬಂದಾಗ ನಾನು ಅರ್ಧ ದಿನ ತಲೆ ಕೆರೆದುಕೊಂಡಿದ್ದೆ. 1221 ಮಾತ್ರ ಸಜ್ಜನ, ಎತ್ತ ಕಡೆಯಿಂದ ಓದಿದರೂ 1221. ಏಳು ಇಂಗ್ಲಿಷಿನ ವಿ ಅಕ್ಷರದ ಹಾಗೆ, ಎಂಟು ಅದನ್ನೇ ಬೋರಲು ಹಾಕಿದ ಹಾಗೆ. ಪುಣ್ಯಕ್ಕೆ ಅಲ್ಲೊಂದು ಆನೆ ನಿಂತಿರುತ್ತದೆ, ಅದರ ಕಾಲು ಯಾವ ಕಡೆ ಅಂತ ನೋಡಿಕೊಂಡರೆ ನಾಣ್ಯ ನೆಟ್ಟಗೆ ಹಿಡಿದಿದ್ದೇವೋ ಇಲ್ಲವೋ ಗೊತ್ತಾಗುತ್ತದೆ. ಎರಡು ಮತ್ತು ಮೂರರ ನಡುವೆ ಇರುವುದು ತಲೆಯ ಮೇಲಿನ ಒಂದೇ ಒಂದು ಕೊಕ್ಕೆಯ ವ್ಯತ್ಯಾಸ. ಇನ್ನೂರು ವರ್ಷ ಸೊಂಟದ ಚೀಲದಲ್ಲಿ, ಮಣ್ಣಿನಲ್ಲಿ, ಡಬ್ಬದಲ್ಲಿ ಉರುಳಾಡಿದ ತಾಮ್ರದಲ್ಲಿ ಆ ಕೊಕ್ಕೆ ಉಳಿದಿರಬೇಕಲ್ಲ!

ಉಲ್ಟಾ ಬರೆದದ್ದರಿಂದ ಆದ ದೊಡ್ಡ ತೊಂದರೆ ಬೇರೆ ಇದೆ. ನಮಗೆ ಬೇಕಾದದ್ದು ಕೊನೆಯ ಅಂಕಿ. ಅದು ಹೋಗಿ ಕೂರುವುದು ಎಡತುದಿಯಲ್ಲಿ, ಅಂಚಿಗೆ ಹತ್ತಿರ. ಕೈಯಿಂದ ಸುತ್ತಿಗೆ ಹೊಡೆದು ಅಚ್ಚೊತ್ತುತ್ತಿದ್ದ ಕಾಲ, ಲೋಹದ ಬಿಲ್ಲೆ ಒಂಚೂರು ಸರಿದರೆ ಹೋಗುವುದು ಆ ಅಂಕಿಯೇ. ನನ್ನ ಪೈಸೆಯಲ್ಲಿ ಆಗಿರುವುದೂ ಅದೇ. ಎರಡು, ಎರಡು, ಒಂದು ಚೆನ್ನಾಗಿದೆ. ನಾಲ್ಕನೆಯದು ಗಾಳಿಗೆ ಹೋಗಿದೆ.

ಆದರೂ ಕೊನೆಯ ವರ್ಷಗಳ ತಾಮ್ರದ ನಾಣ್ಯಗಳಲ್ಲಿ ಇನ್ನೊಂದು ದಾರಿ ಇದೆ. ಇಸವಿಯ ಜೊತೆಗೆ ಒಂದು ಅಕ್ಷರ ಹಾಕಿದರು: 1224ಕ್ಕೆ ಅಲಿಫ್, 1225ಕ್ಕೆ ಬೇ, 1226ಕ್ಕೆ ತೇ, 1227ಕ್ಕೆ ಸೇ. ಅಲಿಫ್ ಬರೀ ಕಡ್ಡಿ, ಗುರುತಿಸುವುದು ಸಲೀಸು. ಉಳಿದ ಮೂರಕ್ಕೂ ಒಂದೇ ದೋಣಿಯ ಆಕಾರ. ಬೇ ಅಕ್ಷರಕ್ಕೆ ಕೆಳಗೊಂದು ಚುಕ್ಕೆ, ತೇ ಅಕ್ಷರಕ್ಕೆ ಮೇಲೆ ಎರಡು, ಸೇ ಅಕ್ಷರಕ್ಕೆ ಮೇಲೆ ಮೂರು. ನನ್ನದರಲ್ಲಿ ಮೂರು ಚುಕ್ಕೆ ಇದ್ದವು. ನನ್ನ ಕಣ್ಣಿಗಂತೂ ಇದ್ದವು.

1227 ಅಂದರೆ 1799. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಆ ವರ್ಷದ ನಾಣ್ಯ ಅಚ್ಚೊತ್ತಲು ಟಂಕಸಾಲೆಗೆ ಸಿಕ್ಕಿದ ದಿನಗಳು ಬೆರಳೆಣಿಕೆಯಷ್ಟು. ಕೋಟೆಗೆ ಮುತ್ತಿಗೆ ಬಿದ್ದಿರುವಾಗ ಒಳಗೊಬ್ಬ ಅಕ್ಕಸಾಲಿಗ ಹೊಸ ವರ್ಷದ ಅಚ್ಚು ಕೊರೆಯುತ್ತಾ ಕೂತಿದ್ದಾನೆ, ಇಂಥದೆಲ್ಲ ಕಲ್ಪಿಸಿಕೊಂಡು ನಾನು ಆ ಪೈಸೆಯನ್ನು ರಾತ್ರಿ ಹೊತ್ತು ತೆಗೆದು ನೋಡುತ್ತಿದ್ದೆ. ಮಾರಿದವನು 1227 ಅಂತ ಹೇಳಿರಲೇ ಇಲ್ಲ. "ಕಡೇ ವರ್ಷಗಳದ್ದು ಸಾರ್, ನೀವೇ ನೋಡ್ಕೊಳ್ಳಿ" ಅಂದಿದ್ದ. ನೋಡಿಕೊಂಡವನು ನಾನೇ.

ಹೋದ ತಿಂಗಳು ನನಗಿಂತ ಹಿರಿಯರೊಬ್ಬರು ಮನೆಗೆ ಬಂದಿದ್ದರು, ನಲವತ್ತು ವರ್ಷದಿಂದ ಮೈಸೂರು ನಾಣ್ಯಗಳನ್ನೇ ನೋಡುತ್ತಿರುವವರು. ಭೂತಗನ್ನಡಿ ಕೊಡಲು ಹೋದೆ, ಬೇಡ ಅಂದರು. ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಮೇಜಿನ ಮಟ್ಟಕ್ಕೆ ಹಿಡಿದು, ನಾಣ್ಯದ ಮೇಲೆ ಬೆಳಕು ಅಡ್ಡಡ್ಡ ಬೀಳುವ ಹಾಗೆ ಮಾಡಿದರು. "ನೆರಳು ನೋಡಪ್ಪ" ಅಂದರು. ಅಚ್ಚಿನಿಂದ ಬಂದ ಚುಕ್ಕೆ ಉಬ್ಬಿರುತ್ತದೆ, ಹಾಗಾಗಿ ನೆರಳು ಟಾರ್ಚಿನ ಆಚೆ ಬದಿಗೆ ಬೀಳುತ್ತದೆ. ಕಿಲುಬು ತಿಂದ ಗುಂಡಿಯಾದರೆ ನೆರಳು ಟಾರ್ಚಿನ ಕಡೆಗೇ ಇರುತ್ತದೆ. ಎರಡು ಚುಕ್ಕೆಗಳ ನೆರಳು ಆಚೆಗೆ ಬಿತ್ತು. ಮೂರನೆಯದರದ್ದು ಈಚೆಗೆ.

ಈಗ ನನ್ನ ತಕರಾರು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ದಿನಕ್ಕೆ ಹತ್ತು ನಾಣ್ಯ "ರೇರ್ ಡೇಟ್" ಅಂತ ಬರುತ್ತವೆ. ಸಂಶಯದ ಅಂಕಿ ಯಾವತ್ತೂ ಅಪರೂಪದ ವರ್ಷದ ಕಡೆಗೇ ವಾಲುವುದು ಯಾಕೆ? ಸವೆದ ಮೂರು ಎರಡಾಗಿ ಕಾಣುವುದು ಸಹಜ, ಆದರೆ ಎರಡಕ್ಕೆ ದುಡ್ಡು ಕಮ್ಮಿಯಿದ್ದರೆ ಅದೇ ಕೊಕ್ಕೆ ಎಲ್ಲರಿಗೂ ಸ್ಪಷ್ಟ ಕಾಣುತ್ತದೆ! ಇದರಲ್ಲಿ ಮಾರುವವರಷ್ಟೇ ತಪ್ಪಿತಸ್ಥರಲ್ಲ. "ಇಸವಿ ಓದಲಾಗದು" ಅಂತ ಕವರಿನ ಮೇಲೆ ಬರೆಯಲು ನಮಗೆ ನಾಚಿಕೆ. ನಾಣ್ಯದ ಮರ್ಯಾದೆ ಹೋಗುತ್ತದೇನೋ ಅನ್ನುವ ಹಾಗೆ. ನನ್ನ ಪ್ರಕಾರ ಒಂದು ಸಂಗ್ರಹದಲ್ಲಿ ಅಂಥ ಕವರುಗಳು ನಾಲ್ಕಾರು ಇಲ್ಲದಿದ್ದರೆ ಉಳಿದವುಗಳ ಮೇಲೂ ನನಗೆ ಅನುಮಾನ.

ಇನ್ನು ಇಸವಿ ಸರಿಯಾಗಿ ಕಾಣಲಿ ಅಂತ ಹುಣಸೆಹಣ್ಣು ಹಾಕಿ ತಿಕ್ಕುವವರಿಗೆ ಕೈ ಮುಗಿಯುತ್ತೇನೆ. ದೇವರ ಮನೆಯ ತಂಬಿಗೆಗೆ ಅದು ಸರಿ. ನಾಣ್ಯದ ಮೇಲಿನ ಕಂದು ಪದರ ಹೋಯಿತೆಂದರೆ ಅದರ ಜೊತೆ ಚುಕ್ಕೆಯ ಉಬ್ಬೂ ಹೋಗುತ್ತದೆ, ಆಮೇಲೆ ಟಾರ್ಚು ಹಿಡಿದರೂ ಪ್ರಯೋಜನವಿಲ್ಲ.

ಇಸವಿ ಸ್ಪಷ್ಟ ಕಂಡರೂ ನಂಬುವ ಹಾಗಿಲ್ಲ, ಅದು ಬೇರೆ ಮಾತು. ವಿಕ್ಟೋರಿಯಾ ರಾಣಿಯ 1862ರ ಬೆಳ್ಳಿ ರೂಪಾಯಿ ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕವರು ಬಹಳ ಜನ ಇದ್ದೀರಿ. 1862 ಅಂತ ಬರೆದ ಅಚ್ಚನ್ನೇ 1874ರವರೆಗೂ ಓಡಿಸಿದರು. ಮುಂಬಯಿ ಟಂಕಸಾಲೆಯವರು ಸಣ್ಣ ಸಣ್ಣ ಚುಕ್ಕೆಗಳನ್ನು ಸೇರಿಸಿ ಗುರುತಿಟ್ಟುಕೊಂಡರು. ಅಲ್ಲೂ ಚುಕ್ಕೆ ಎಣಿಸುವುದೇ ಕೆಲಸ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಅದು ಒಂದು ಪೋಸ್ಟಿಗೆ ಮುಗಿಯುವ ವಿಷಯವಲ್ಲ.

ಕವರಿನ ಮೇಲೆ ಈಗ ಪೆನ್ಸಿಲಿನಲ್ಲಿ "ತೇ, 1226" ಅಂತ ಬರೆದಿದ್ದೇನೆ. ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ. ಮೊನ್ನೆ ಆ ಹಿರಿಯರಿಗೆ ಫೋಟೋ ಕಳಿಸಿದೆ. "ಪ್ರಶ್ನೆ ಯಾಕೆ, ಇನ್ನೂ ಆಸೆ ಬಿಟ್ಟಿಲ್ವಾ?" ಅಂತ ಉತ್ತರ ಬಂತು. ನಿಜ ಹೇಳಬೇಕೆಂದರೆ ಆ ಚಿಹ್ನೆಯನ್ನು ಇನ್ನೂ ಅಳಿಸಿಲ್ಲ.