ದ್ವಿಸದಸ್ಯ ಕ್ಷೇತ್ರ: 1961ರಲ್ಲಿ ಒಡೆದದ್ದು ಸರಿಯೇ?

ಪರ: ಒಡೆಯಲೇಬೇಕಿತ್ತು

ಒಂದೇ ಕ್ಷೇತ್ರದಿಂದ ಇಬ್ಬರನ್ನು ಆರಿಸುವ, ಎರಡೇ ಸಾರ್ವತ್ರಿಕ ಚುನಾವಣೆ ಕಂಡ ಏರ್ಪಾಡು ಇದು. 1957ರಲ್ಲಿ ಮೈಸೂರು ವಿಧಾನಸಭೆಗೆ 208 ಸ್ಥಾನ, ಕ್ಷೇತ್ರ ಮಾತ್ರ 179. ಅವುಗಳಲ್ಲಿ 29 ಜೋಡಿ ಕ್ಷೇತ್ರಗಳು: ಒಂದು ಸ್ಥಾನ ಸಾಮಾನ್ಯ, ಇನ್ನೊಂದು ಮೀಸಲು. 1951ರ ಜನಗಣತಿಯ ಲೆಕ್ಕದಲ್ಲಿ ಸ್ಥಾನಕ್ಕೆ ಸರಾಸರಿ 93 ಸಾವಿರ ಜನ. ಜೋಡಿ ಕ್ಷೇತ್ರದಲ್ಲಿ ಸುಮಾರು ಅದರ ಇಮ್ಮಡಿ. ಪರಿಶಿಷ್ಟ ಅಭ್ಯರ್ಥಿಗೆ ಠೇವಣಿ 250ರ ಬದಲು 125 ರೂಪಾಯಿ ಇತ್ತು ನಿಜ, ಆದರೆ ಜೀಪಿಗೆ ರಿಯಾಯಿತಿ ಇರಲಿಲ್ಲ. ಅಷ್ಟು ಹಳ್ಳಿ ಸುತ್ತಲು ದುಡ್ಡಿದ್ದ ಸಾಮಾನ್ಯ ಸ್ಥಾನದ ಜೊತೆಗಾರನ ನೆರಳು ಹಿಡಿಯುವುದೇ ಗತಿ.

ಮತಗಟ್ಟೆಯಲ್ಲಿ ಇನ್ನೊಂದು ಫಜೀತಿ. ಮತದಾರನ ಕೈಗೆ ಎರಡು ಮತಪತ್ರ. ಒಳಗೆ ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ. ಎರಡನ್ನೂ ಒಬ್ಬನಿಗೇ ಹಾಕಿದರೆ ಒಂದು ಊರ್ಜಿತ, ಇನ್ನೊಂದು ರದ್ದು.

ಎಣಿಕೆಯಾದ ಮೇಲೆ ಮೊದಲು ಮೀಸಲು ಸ್ಥಾನ ತುಂಬಬೇಕು: ಪರಿಶಿಷ್ಟ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರಿಗೆ. ಆಮೇಲೆ ಉಳಿದವರೆಲ್ಲರಲ್ಲಿ ಮುಂದಿರುವವರಿಗೆ ಎರಡನೆಯದು. 1957ರಲ್ಲಿ ಆಂಧ್ರದ ಪಾರ್ವತೀಪುರಂ ಲೋಕಸಭಾ ಕ್ಷೇತ್ರದ ಎರಡೂ ಸ್ಥಾನ ಪರಿಶಿಷ್ಟ ಪಂಗಡದವರಿಗೇ ಹೋದವು. ಕೇಂದ್ರದ ಮಾಜಿ ಕಾರ್ಮಿಕ ಸಚಿವ ವಿ.ವಿ. ಗಿರಿ 565 ಮತಗಳಿಂದ ಹೊರಗುಳಿದರು. 1959ರಲ್ಲಿ ಸುಪ್ರೀಂ ಕೋರ್ಟ್ ಆ ಫಲಿತಾಂಶವನ್ನೇ ಎತ್ತಿಹಿಡಿಯಿತು. ಕಾನೂನಿನಲ್ಲಿ ತಪ್ಪಿಲ್ಲ. ಆದರೆ ತಾನು ಯಾವ ಸ್ಥಾನಕ್ಕೆ ಯಾರನ್ನು ಆರಿಸುತ್ತಿದ್ದೇನೆಂದು ಮತದಾರನಿಗೇ ಗೊತ್ತಾಗದ ಚುನಾವಣೆ ಎಂಥದು?

ವಿರೋಧ: ಒಡೆದು ಕಳೆದುಕೊಂಡೆವು

ಪಾರ್ವತೀಪುರಂ ದೋಷವಲ್ಲ, ಆ ಏರ್ಪಾಡಿನ ತಿರುಳು. ಮೀಸಲು ಎಂದರೆ ಕನಿಷ್ಠ ಒಂದು, ಗರಿಷ್ಠವಲ್ಲ ಎಂದು ಅಲ್ಲಿ ಮತಗಳೇ ತೋರಿಸಿದವು. ಸಾಮಾನ್ಯ ಸ್ಥಾನ ಮೇಲ್ಜಾತಿಯವರ ಹಕ್ಕಿನ ಪಾಲೆಂದು ಯಾವ ಕಾನೂನೂ ಹೇಳಿರಲಿಲ್ಲ.

1961ರ ಕಾಯ್ದೆಯಂತೆ ಚುನಾವಣಾ ಆಯೋಗ ಪ್ರತಿ ಜೋಡಿಯನ್ನೂ ಎರಡು ತುಂಡು ಮಾಡಿ ಒಂದನ್ನು ಮೀಸಲಿಟ್ಟಿತು. ಗೆರೆಯ ಈಚೆ, ದಲಿತರಲ್ಲದವರು ಸ್ಪರ್ಧಿಸುವಂತಿಲ್ಲ. ಗೆರೆಯ ಆಚೆ ಉಳಿದ ದಲಿತ ಕೇರಿಗಳಿಗೆ ನಿನ್ನೆಯವರೆಗೆ ತಮ್ಮವನೊಬ್ಬ ಶಾಸಕನಿದ್ದ. ಇಂದು ಆತ ಪಕ್ಕದ ಕ್ಷೇತ್ರದವನು. ಮೊದಲು ಒಬ್ಬ ಬಾಗಿಲು ಹಾಕಿಕೊಂಡರೆ ಇನ್ನೊಬ್ಬನ ಮನೆಗೆ ಹೋಗಬಹುದಿತ್ತು, ಇಬ್ಬರಿಗೂ ಅದೇ ಮತದಾರರು ಬೇಕಿದ್ದರಲ್ಲ.

ಕ್ಷೇತ್ರ ದೊಡ್ಡದಿತ್ತು, ಒಪ್ಪುವ ಮಾತೇ. ಜೊತೆಗಾರನ ನೆರಳಿನ ದೂರು ಮಾತ್ರ ಅರ್ಧಸತ್ಯ. ಸಾಮಾನ್ಯವಾಗಿ ಮೀಸಲು ಕ್ಷೇತ್ರದಲ್ಲೂ ದಲಿತೇತರ ಮತಗಳೇ ಹೆಚ್ಚು. ಅವರ ಒಲವಿಲ್ಲದೆ ಅಲ್ಲಿ ಗೆಲ್ಲುವುದು ಕಷ್ಟ. ಮೊದಲು ಅಭ್ಯರ್ಥಿ ಜೀಪು ಹತ್ತುವಾಗ ತಗ್ಗಬೇಕಿತ್ತು, ಈಗ ಟಿಕೆಟ್ ಕೇಳುವಾಗಲೇ ತಗ್ಗುತ್ತಾನೆ.