ಸೀತಾಗ ಹುಟ್ಟಿದ ಸೀತೆ ತಪ್ಪಾ?

ನಿನ್ನೆ ಸಂಜೆಯಿಂದ ಮನಸ್ಸಿಗೆ ಸಮಾಧಾನ ಇಲ್ಲ.

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಕನ್ನಡದ ಮಕ್ಕಳಿಗೆ ಕಥೆ ಹೇಳುವ ಸ್ಪರ್ಧೆ ಇತ್ತು. ಎಂಟು ವರ್ಷದ ಹುಡುಗಿಯೊಬ್ಬಳು ರಾಮಾಯಣ ಹೇಳಿದಳು. ಮಕ್ಕಳಿಲ್ಲದ ರಾವಣನಿಗೆ ಒಂದು ಮಾವಿನ ಹಣ್ಣು ಸಿಗುತ್ತದೆ. ತಿರುಳು ಹೆಂಡತಿಗೆ, ವಾಟೆ ನಿನಗೆ ಅಂತ ಮಾತಾಗಿರುತ್ತದೆ. ಅವನು ಆಸೆಗೆ ಬಿದ್ದು ತಿರುಳನ್ನು ತಾನೇ ತಿನ್ನುತ್ತಾನೆ, ತಾನೇ ಬಸುರಾಗುತ್ತಾನೆ! ದಿನಕ್ಕೊಂದು ತಿಂಗಳು ತುಂಬಿ, ಒಂಬತ್ತನೇ ದಿನ ಸೀನಿದಾಗ ಮಗು ಹುಟ್ಟುತ್ತದೆ. "ಸೀತಾಗ ಹುಟ್ಟಿದ್ದಕ್ಕೆ ಅವಳು ಸೀತೆ" ಅಂದಾಗ ಆ ಪುಟ್ಟಿಯ ಕಣ್ಣು ಹೊಳೆಯುತ್ತಿತ್ತು.

ತೀರ್ಪುಗಾರರು ಮೈಕ್ ಹಿಡಿದು, "ಇದು ರಾಮಾಯಣ ಅಲ್ಲ. ಮನೆಯಲ್ಲಿ ಸರಿಯಾದ್ದನ್ನು ಕಲಿಸಿ" ಅಂದರು. ಮಗು ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು.

ನಾನು ಮಂಡ್ಯದ ಕಡೆಯವಳು, ನಿಮಗೆ ಗೊತ್ತೇ ಇದೆ. ತಂಬೂರಿ ದಾಸಯ್ಯಗಳು ಹಾಡುತ್ತಿದ್ದ ಕಥೆ ಇದು. ನಮ್ಮಜ್ಜಿ ರಾಗಿ ಬೀಸುವಾಗ ಇದನ್ನೇ ಹೇಳುತ್ತಿದ್ದಳು. ತಪ್ಪು ಅಂದರೆ ಯಾರ ಲೆಕ್ಕದಲ್ಲಿ ತಪ್ಪು?

ಸೀತೆ ರಾವಣನ ಮಗಳು ಅನ್ನೋದು ಅಜ್ಜಿಯರು ಸುಮ್ನೆ ಕಟ್ಟಿದ ಮಾತಲ್ಲ. 9ನೇ ಶತಮಾನದ ಜೈನ ಕವಿ ಗುಣಭದ್ರಾಚಾರ್ಯರ 'ಉತ್ತರಪುರಾಣ'ದಲ್ಲೂ ಅವಳು ರಾವಣ, ಮಂಡೋದರಿಯರ ಮಗಳು. ಥಾಯ್ಲೆಂಡಿನ ರಾಮಾಯಣ 'ರಾಮಕಿಯೆನ್' ನೋಡಿ. 1797ರಲ್ಲಿ ಅಲ್ಲಿನ ದೊರೆ ಮೊದಲನೆಯ ರಾಮ ಅದನ್ನು ಬರೆಸಿದ. ಅಲ್ಲೂ ಸೀತೆ ರಾವಣನ ಮಗಳೇ. ನಮ್ಮಲ್ಲಿ ಮಾವಿನ ಹಣ್ಣು, ಅಲ್ಲಿ ಅನ್ನದ ಉಂಡೆ. ಮಂಡೋದರಿ ಉಂಡೆಯ ಒಂದು ಪಾಲು ತಿಂದು ಬಸುರಾಗುತ್ತಾಳೆ. ಹುಟ್ಟಿದ ಮಗುವನ್ನು ನೀರಿನಲ್ಲಿ ತೇಲಿಬಿಡುತ್ತಾರೆ. ಜನಕನಿಗೆ ಸಿಗುತ್ತದೆ. ಅಲ್ಲಿನ ಹನುಮಂತನಂತೂ ಬ್ರಹ್ಮಚಾರಿಯೇ ಅಲ್ಲ. ಸೇತುವೆಯ ಕಲ್ಲು ಕದಿಯಲು ಬಂದ ಮತ್ಸ್ಯಕನ್ಯೆಯನ್ನೇ ಪ್ರೀತಿಸುತ್ತಾನೆ. ಆ ಜನ ರಾಮನನ್ನು ಬಿಟ್ಟರಾ? ತಮ್ಮ ದೊರೆಗಳನ್ನೇ ರಾಮ ಅಂತ ಕರೆದರು.

ಅಷ್ಟು ದೂರ ಯಾಕೆ, ನಮ್ಮ ಕನ್ನಡದ ಜೈನ ಕವಿ ನಾಗಚಂದ್ರನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಜೈನರ ರಾಮ ಕೊಲೆ ಮಾಡುವವನಲ್ಲ. ಇದನ್ನೂ ತಪ್ಪು ಅನ್ನೋಣವಾ?

ಹೀಗೆ ಎಲ್ಲರೂ ತಿರುಚಿದರೆ ಮೂಲ ಉಳಿಯುತ್ತಾ ಅಂತ ಗೆಳತಿಯೊಬ್ಬಳು ಕೇಳಿದಳು. ಉಳಿದಿದೆಯಲ್ಲ! ಜಾವಾದ ಪ್ರಂಬನನ್ ಗುಡಿಯ ಗೋಡೆ ಮೇಲೆ 9ನೇ ಶತಮಾನದಲ್ಲೇ ರಾಮಾಯಣ ಕೆತ್ತಿದರು. ಅದರಿಂದ ವಾಲ್ಮೀಕಿಯ ಒಂದು ಶ್ಲೋಕವೂ ಸವೆದಿಲ್ಲ. ನಿನ್ನೆ ಮೊದಲ ಬಹುಮಾನ ಬಂದದ್ದು ಲಕ್ಷ್ಮಣರೇಖೆಯ ಕಥೆಗೆ. ಆ ರೇಖೆ ವಾಲ್ಮೀಕಿಯಲ್ಲಿ ಇಲ್ಲವೇ ಇಲ್ಲ. ಅದು ಸರಿ, ಮಾವಿನ ಹಣ್ಣು ತಪ್ಪು. ಯಾಕೆ? ಅದು ಹಳ್ಳಿಯ ಹೆಂಗಸರ ಬಾಯಲ್ಲಿ ಇತ್ತು ಅಂತಾನಾ?

ನನಗೆ ಜಾಸ್ತಿ ಸಿಟ್ಟು ಬಂದಿರುವುದು ನನ್ನ ಮೇಲೇ. ಹೈಸ್ಕೂಲಿನಲ್ಲಿದ್ದಾಗ ಗೆಳತಿಯರ ಮುಂದೆ ಈ ಕಥೆ ಹೇಳಬೇಡ ಅಂತ ಅಜ್ಜಿಯ ಬಾಯಿ ಮುಚ್ಚಿಸಿದ್ದೆ. ಅವಳು ಆಮೇಲೆ ಹೇಳಲೇ ಇಲ್ಲ. ನಿನ್ನೆಯಾದರೂ ಎದ್ದು ನಿಂತು ಮಾತಾಡಬಹುದಿತ್ತು. ಸುಮ್ಮನೆ ಕೂತಿದ್ದೆ.

ಇವತ್ತು ಬೆಳಿಗ್ಗೆ ಆ ಹುಡುಗಿಯ ಮನೆಗೆ ಹೋದೆ. "ಪುಟ್ಟಿ, ಆ ಕಥೆ ಇನ್ನೊಂದು ಸಲ ಹೇಳು" ಅಂದೆ. ಅವಳು ಅಜ್ಜಿಯ ಮುಖ ನೋಡಿದಳು.

"ಅದು ತಪ್ಪಂತೆ ಆಂಟಿ" ಅಂದಳು.